ಹನ್ನೆರಡು ತಟ್ಟೆ, ಹನ್ನೆರಡು ಕಲ್ಲು

ಎಲ್ಲ ಅನಾಹುತಕ್ಕೂ ಮೂಲ ಏಳನೇ ನಂಬರು. ಬೆಳಗ್ಗೆ ಏಳೂವರೆಗೆ ನಮ್ಮ ಗುಮಾಸ್ತರು ಮೇಜಿನ ಮುಂದೆ ಕೂತು, ಮಧ್ಯಾಹ್ನ ಎರಡಕ್ಕಿದ್ದ ಪರೀಕ್ಷೆಯ ಪಟ್ಟಿಯನ್ನು ಹದಿನಾಲ್ಕನೇ ಸಲ ತಮಗೆ ತಾವೇ ಒಪ್ಪಿಸಿಕೊಳ್ಳುತ್ತಿದ್ದರು. ಬಾಯಿ ಒಪ್ಪಿಸುತ್ತಿದ್ದರೆ ಬಲಗಾಲು ಮೇಜಿನ ಕೆಳಗೆ ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು. ಕಾಲು ಕುಣಿದು ಮೇಜು ನಡುಗಿತು, ಮೇಜು ನಡುಗಿ ಚಹಾದ ಲೋಟ ಮಗುಚಿತು, ಚಹಾ ನೇರವಾಗಿ ಹೋಗಿ ಪಟ್ಟಿಯ ಏಳನೇ ಸಾಲಿನ ಮೇಲೆ ಕೂತಿತು.

"ಕಾಲು ಅಲ್ಲಾಡಿಸಬೇಡಿ ಅಂತ ಮದುವೆಯಾದ ದಿನದಿಂದ ಹೇಳ್ತಿದೀನಿ," ಎಂದಳು ಹೆಂಡತಿ, ಒರೆಸುವ ಬಟ್ಟೆ ಎಸೆಯುತ್ತ.

ಆಫೀಸಿನಲ್ಲಿ ಅವರಿಗೆ ಇದ್ದ ಹೆಸರೇ 'ಹೊಲಿಗೆ ಮಿಷನ್'. ಎಲ್ಲಿ ಕೂತರೂ ಕಾಲು ತುಳಿಯುತ್ತಲೇ ಇರುತ್ತಿತ್ತು. ನೀರು ಸರಬರಾಜು ಇಲಾಖೆಯ ಕೊಳವೆ ಬಾವಿ ವಿಭಾಗದಲ್ಲಿ ಹದಿಮೂರು ವರ್ಷದಿಂದ ಹಂಗಾಮಿಯಾಗಿ ತುಳಿಯುತ್ತಿದ್ದರು. ಈಗ ಅಲ್ಲೊಂದು ಮೇಲ್ವಿಚಾರಕರ ಹುದ್ದೆ ಖಾಲಿಯಾಗಿತ್ತು, ಅದೂ ಕಾಯಂ ಹುದ್ದೆ. ನೆಲ ಕೊರೆಸುವವರಿಗೆ ನೆಲದೊಳಗೆ ಏನಿದೆ ಅಂತ ಗೊತ್ತಿರಬೇಕೆಂದು ಯಾರೋ ಪುಣ್ಯಾತ್ಮರು ಒಂದು ನಿಯಮ ಮಾಡಿಟ್ಟಿದ್ದರು. ಕಾಲೇಜಿಗೆ ಹೋಗಿ ಭೂವಿಜ್ಞಾನದ ಮೊದಲ ಪತ್ರಿಕೆ ಪಾಸು ಮಾಡಿದವರಿಗೇ ಹುದ್ದೆ. ಇಬ್ಬರು ಪಾಸಾದರೆ ಹಳಬರಿಗೆ. ನಲವತ್ತನಾಲ್ಕನೇ ವಯಸ್ಸಿನಲ್ಲಿ ಗುಮಾಸ್ತರು ಮಗಳ ಓರಗೆಯವರ ಜೊತೆ ಬೆಂಚಿನಲ್ಲಿ ಕೂತಿದ್ದು ಇದಕ್ಕಾಗಿಯೇ. ಬರವಣಿಗೆಯ ಪರೀಕ್ಷೆ ಹೇಗೋ ದಾಟಿತ್ತು. ಉಳಿದಿದ್ದು ಇವತ್ತಿನ ಪ್ರಾಯೋಗಿಕ ಪರೀಕ್ಷೆ. ತಿಂಗಳ ಕೊನೆಯೊಳಗೆ ಪಾಸಾಗದಿದ್ದರೆ ಹುದ್ದೆ ಎರಡು ವರ್ಷದ ಹಿಂದೆ ಬಂದ ಟೈಪಿಸ್ಟ್ ಹುಡುಗಿಯ ಪಾಲು. ಅವಳೂ ಅದೇ ಬೆಂಚಿನಲ್ಲಿ ಕೂತಿದ್ದಳು.

ಪ್ರಾಯೋಗಿಕ ಪರೀಕ್ಷೆ ಅಂದರೆ ಏನೂ ಇಲ್ಲ. ಉದ್ದನೆಯ ಹಲಗೆಯ ಮೇಲೆ ನಂಬರು ಬರೆದ ಹನ್ನೆರಡು ತಟ್ಟೆ, ತಟ್ಟೆಗೊಂದು ಕಲ್ಲು. ಒಂದೊಂದರ ಮುಂದೂ ಒಂದು ನಿಮಿಷ ನಿಂತು, ಅದು ಯಾವ ಕಲ್ಲು ಅಂತ ಬರೆದು, ಗಂಟೆ ಹೊಡೆದಾಗ ಮುಂದಿನದಕ್ಕೆ ಸರಿಯಬೇಕು. ಕಾಲೇಜು ಶುರುವಾದಾಗಿನಿಂದಲೂ ಅವೇ ಹನ್ನೆರಡು ಕಲ್ಲು, ಅವೇ ಹನ್ನೆರಡು ತಟ್ಟೆ. ಹಾಗಾಗಿ ಕಲ್ಲು ನೋಡುವ ಗೊಡವೆಗೆ ಯಾರೂ ಹೋಗುತ್ತಿರಲಿಲ್ಲ. ಒಂದು ಗ್ರಾನೈಟ್, ಎರಡು ಬಸಾಲ್ಟ್, ಮೂರು ಪ್ಯೂಮಿಸ್, ನಾಲ್ಕು ಮರಳುಗಲ್ಲು ಎಂದು ಶುರುವಾಗುವ ಪಟ್ಟಿ ಅಣ್ಣಂದಿರಿಂದ ತಮ್ಮಂದಿರಿಗೆ, ಅಕ್ಕಂದಿರಿಂದ ತಂಗಿಯರಿಗೆ ಇಳಿದು ಬಂದಿತ್ತು. ಮಗ್ಗಿಯ ಹಾಗೆ ಬಾಯಿಪಾಠ ಮಾಡಿದರೆ ಹನ್ನೆರಡಕ್ಕೆ ಹನ್ನೆರಡು.

ಈಗ ಆರು ಸ್ಲೇಟ್ ಆದ ಮೇಲೆ ಒಂದು ಕಂದು ಕಲೆ, ಆಮೇಲೆ ಎಂಟು ಅಮೃತಶಿಲೆ. ಹದಿಮೂರು ಸಲ ಸರಾಗವಾಗಿ ಬಂದಿದ್ದ ಏಳು, ಚಹಾ ಬಿದ್ದ ಕ್ಷಣದಿಂದ ತಲೆಯಿಂದಲೂ ತೊಳೆದು ಹೋಗಿತ್ತು.

"ಆ ಟೈಪಿಸ್ಟ್ ಹುಡುಗಿಗೆ ಫೋನ್ ಮಾಡಿ ಕೇಳಿ," ಎಂದಳು ಹೆಂಡತಿ.

"ನಿನ್ನೆ ತಾನೇ ಅವಳ ಮುಂದೆ ನಿದ್ದೇಲೂ ಒಪ್ಪಿಸ್ತೀನಿ ಅಂದಿದ್ದೆ ಕಣೇ. ಈಗ ಹೇಗೆ ಕೇಳ್ಲಿ?"

"ಒಂದು ಹೋದ್ರೆ ಹನ್ನೊಂದು ಉಳಿಯುತ್ತಲ್ಲ?"

ಅದು ಸಾಮಾನ್ಯ ಮನುಷ್ಯರ ಲೆಕ್ಕ. ಗುಮಾಸ್ತರ ಲೆಕ್ಕವೇ ಬೇರೆ. ಏಳು ಹೋದದ್ದು ಎಂಟಕ್ಕೂ ಅಂಟಿದರೆ? ಒಂಬತ್ತೂ ಹೋದರೆ? ಅವರು ಅರ್ಧ ತಿಂದ ತಿಂಡಿ ಬಿಟ್ಟು, ಒಂದು ಕಾಲಿಗೆ ಕಾಲುಚೀಲ ಹಾಕಿ, ಇನ್ನೊಂದನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹಿಡಿದರು.

ಕಾಲೇಜಿನ ಪ್ರಯೋಗಾಲಯದ ಉಸ್ತುವಾರಿ ಅಟೆಂಡರ್ ಅಜ್ಜನದು. ಹದಿನೆಂಟು ವರ್ಷದಿಂದ ಆ ಕಲ್ಲುಗಳ ಧೂಳು ಒರೆಸಿದವನು. ಗುಮಾಸ್ತರು ಬಾಗಿಲಲ್ಲಿ ನಿಂತು ಕೈ ಹೊಸೆದರು.

"ಅಜ್ಜಾ, ಏಳನೇ ತಟ್ಟೇಲಿರೋದು ಯಾವ ಕಲ್ಲು?"

"ಅದಾ? ಅದೊಂದು ಬೂದು ಬಣ್ಣದ್ದು."

"ಹೆಸರು?"

"ಹೆಸರು ಗಿಸರು ನಂಗೇನ್ ಗೊತ್ತು ಸಾರ್? ಒಂದನ್ನ ಎತ್ತೋದು, ಒರೆಸೋದು, ಅಲ್ಲೇ ಇಡೋದು. ಇನ್ನೊಂದನ್ನ ಎತ್ತೋದು. ಎರಡನ್ನ ಒಟ್ಟಿಗೆ ಎತ್ತಿದೋನೇ ಅಲ್ಲ ನಾನು. ಬೇಕಾದ್ರೆ ಒಳಗೆ ಬಂದು ನೋಡ್ಕೊಂಡು ಹೋಗಿ."

ಗುಮಾಸ್ತರು ಸ್ಟೂಲ್ ಎಳೆದುಕೊಂಡು ಏಳನೇ ತಟ್ಟೆಯ ಮುಂದೆ ಕೂತರು. ಬೂದು ಬಣ್ಣದ್ದೇ. ಮುಂದೇನು? ಕಲ್ಲು ಅವರನ್ನು ನೋಡಿತು, ಅವರು ಕಲ್ಲನ್ನು ನೋಡಿದರು. ಯೋಚನೆ ಹತ್ತಿದ ಕೂಡಲೇ ಬಲಗಾಲು ಹೊಲಿಗೆ ಶುರು ಮಾಡಿತು. ಹಲಗೆಯನ್ನು ಕುದುರೆ ಅನ್ನುವ ಎರಡು ಮರದ ಆಸರೆಗಳ ಮೇಲೆ ಸುಮ್ಮನೆ ಮಲಗಿಸಿದ್ದರು. ಗುಮಾಸ್ತರ ಮೊಣಕಾಲು ಅದರ ಅಂಚಿಗೆ ತಾಗಿ ತಾಗಿ, ಹಲಗೆ ಬೆರಳಷ್ಟು ಬೆರಳಷ್ಟೇ ಜಾರಿ, ಒಂದು ತುದಿ ಕುದುರೆಯಿಂದ ಕೆಳಗಿಳಿಯಿತು. ಹನ್ನೆರಡು ತಟ್ಟೆ, ಹನ್ನೆರಡು ಕಲ್ಲು ಧಡಧಡನೆ ನೆಲಕ್ಕೆ ಬಂದವು.

ಅಜ್ಜ ತಲೆಯ ಮೇಲೆ ಕೈ ಹೊತ್ತು ಕೂತ.

"ನನ್ನ ಅನ್ನಕ್ಕೆ ಕಲ್ಲು ಹಾಕಿದ್ರಲ್ಲ ಸಾರ್!"

ಗುಮಾಸ್ತರು ಹಲಗೆಯ ಕೆಳಗೆ ನುಸುಳಿ ಕಲ್ಲು ಆರಿಸಿದರು. ಒಂದೂ ಒಡೆದಿರಲಿಲ್ಲ. ಯಾವುದರ ಮೈಮೇಲೂ ನಂಬರಿರಲಿಲ್ಲ. ನಂಬರು ಬರೆದಿದ್ದ ಬಣ್ಣವೆಲ್ಲ ಹದಿನೆಂಟು ವರ್ಷದ ಒರೆಸಾಟಕ್ಕೆ ಅಳಿಸಿಹೋಗಿತ್ತು. ಏಳೊಂದು ಬಿಟ್ಟರೆ ಪಟ್ಟಿ ಅವರಿಗೆ ಗೊತ್ತು, ತಟ್ಟೆ ಎದುರಿಗಿದೆ, ಯಾವ ಕಲ್ಲು ಯಾವ ತಟ್ಟೆಯದು ಅನ್ನುವುದೇ ಗೊತ್ತಿಲ್ಲ.

"ಮೇಷ್ಟ್ರನ್ನ ಕೇಳೋಣ," ಎಂದರು.

"ಕೇಳಿ. ನನ್ನ ಕೆಲಸ ಹೋಗುತ್ತೆ, ನಿಮ್ಮ ಪರೀಕ್ಷೆ ಹೋಗುತ್ತೆ. ಪರೀಕ್ಷೆಗೆ ಮುಂಚೆ ಒಳಗೆ ಬಂದೋರನ್ನ ಎರಡು ವರ್ಷ ಹೊರಗೆ ಹಾಕ್ತಾರೆ."

ಕೊನೆಗೆ ಅಜ್ಜನೇ ಎರಡು ಬಟ್ಟೆಯ ಚೀಲ ತಂದ.

"ಹನ್ನೊಂದಕ್ಕೆ ಪ್ರಿನ್ಸಿಪಾಲ್ರು ರೌಂಡಿಗೆ ಬರ್ತಾರೆ. ನಾನು ಖಾಲಿ ತಟ್ಟೆ ಮೇಲೆ ಹಸಿರು ಬಟ್ಟೆ ಮುಚ್ಚಿ ಇಡ್ತೀನಿ. ನೀವು ಇವನ್ನ ತಗೊಂಡು ಹೋಗಿ ಅದೇನು ಪುಸ್ತಕಾನೋ ಗಿಸ್ತಕಾನೋ ನೋಡಿ, ಗುರುತು ಹಿಡಿದು, ಒಂದೂವರೆ ಒಳಗೆ ತನ್ನಿ. ಒಂದೂವರೆ ಅಂದ್ರೆ ಒಂದೂವರೆ."

ಬಸ್ಸಿನಲ್ಲಿ ಕಂಡಕ್ಟರ್ ಚೀಲವನ್ನು ಕಾಲಿನಿಂದ ಸರಿಸಲು ಹೋಗಿ ಬೆರಳು ಜಜ್ಜಿಕೊಂಡ.

"ಏನ್ರೀ ಇದು, ಕಲ್ಲು ತುಂಬ್ಕೊಂಡಿದೀರಾ?"

"ಹೌದು."

"ತಮಾಷೆ ಮಾಡ್ತೀರಾ ನನ್ನ ಹತ್ರ?" ಎಂದು ಅವನು ಲಗೇಜಿನ ಟಿಕೆಟ್ಟೂ ಹರಿದು ಕೈಗಿಟ್ಟ. ಗುಮಾಸ್ತರಿಗೆ ಜಗಳಾಡುವ ಚೈತನ್ಯ ಇರಲಿಲ್ಲ. ಅವರ ಕಣ್ಣು ಗಡಿಯಾರದ ಮೇಲಿತ್ತು. ಒಂದು ನಿಲ್ದಾಣ ಮೊದಲೇ ಇಳಿದು ಓಡಿದರೆ ಬೇಗ ತಲುಪಬಹುದು ಅನ್ನಿಸಿ ಇಳಿದರು. ಓಡುತ್ತಿದ್ದಾಗ ಅದೇ ಬಸ್ಸು ಅವರನ್ನು ದಾಟಿ ಹೋಯಿತು.

ಮನೆ ತಲುಪುವಾಗ ಹತ್ತೂಮುಕ್ಕಾಲು. ಪಠ್ಯಪುಸ್ತಕ ಹೊಚ್ಚ ಹೊಸದಾಗಿ, ಹಾಳೆ ಹಾಳೆ ಅಂಟಿಕೊಂಡೇ ಇತ್ತು. ಗುಮಾಸ್ತರು ಅದನ್ನು ಬಿಡಿಸಿ, ಕಲ್ಲುಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು, ಬೆವರೊರೆಸಿಕೊಂಡು ಓದತೊಡಗಿದರು. 'ಶಿಲೆಗಳನ್ನು ಕಣಗಳ ಗಾತ್ರ, ಕಾಠಿಣ್ಯ, ಹೊಳಪು ಹಾಗೂ ಸಾಂದ್ರತೆಯಿಂದ ಗುರುತಿಸಬಹುದು' ಎಂದಿತ್ತು. ಅದನ್ನು ಮೂರು ಸಲ ಓದಿದರು. ಕಾಲು ಕುಣಿಯುವುದು ಬಿಟ್ಟರೆ ಬೇರೇನೂ ಮುಂದೆ ಹೋಗಲಿಲ್ಲ.

ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದರು. ಅವರ ಕಣ್ಣು ಮಂದ, ಕೈ ಚುರುಕು.

"ಅಯ್ಯೋ, ಅಳಿಯಂದಿರು ಹಿಮ್ಮಡಿ ಉಜ್ಜೋ ಕಲ್ಲು ತಂದಿದಾರೆ!" ಎಂದು ತೂತು ತೂತಾದ ಒಂದನ್ನೆತ್ತಿ ಅಲ್ಲೇ ಕೂತು ಹಿಮ್ಮಡಿಗೆ ಉಜ್ಜತೊಡಗಿದರು. "ಹಗುರ ನೋಡು, ನೀರಲ್ಲಿ ಹಾಕಿದ್ರೆ ತೇಲುತ್ತೆ."

ಗುಮಾಸ್ತರು ಎದ್ದು ನಿಂತರು. ಪುಸ್ತಕದ ನಲವತ್ತೊಂದನೇ ಪುಟದಲ್ಲಿ, 'ಪ್ಯೂಮಿಸ್: ಜ್ವಾಲಾಮುಖಿಯ ನೊರೆ ಗಟ್ಟಿಯಾದದ್ದು, ನೀರಿನಲ್ಲಿ ತೇಲುತ್ತದೆ' ಎಂದು ಬರೆದಿತ್ತು. ಬಕೆಟ್ಟಿಗೆ ಹಾಕಿದರೆ ಬಾತುಕೋಳಿಯ ಹಾಗೆ ತೇಲಿತು.

"ಮೂರು! ಅತ್ತೇ, ಇದು ಮೂರು! ಮಿಕ್ಕಿದ್ದೂ ನೋಡಿ!"

ಅಳಿಯ ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ತಮ್ಮನ್ನು ಏನೋ ಕೇಳಿದ್ದು ಅತ್ತೆಗೆ ಹುರುಪು ತಂದಿತು. ಒರಟು ಕಲ್ಲೊಂದನ್ನು ಸವರಿ, "ಇದು ಚಾಕು ಮಸೆಯೋದು," ಎಂದರು. ಮಸೆದು ನೋಡಿದರೆ ಮರಳು ಉದುರಿತು. ಮರಳುಗಲ್ಲು, ನಾಲ್ಕು. ಮಂಜುಗಡ್ಡೆಯಂಥ ಇನ್ನೊಂದನ್ನು ಯಾರೂ ತಡೆಯುವ ಮೊದಲೇ ನೆಕ್ಕಿದರು.

"ಅಮ್ಮಾ! ಬಾಯಿಗೆ ಹಾಕ್ಕೋಬೇಡ!" ಎಂದು ಹೆಂಡತಿ ಒಲೆಯ ಮುಂದಿನಿಂದಲೇ ಚೀರಿದಳು.

"ಸುಮ್ನಿರೇ. ಉಪ್ಪು."

ಕಲ್ಲುಪ್ಪು, ಒಂಬತ್ತು. ಹೆಂಡತಿಗೂ ಈಗ ತಡೆಯಲಾಗಲಿಲ್ಲ. ಒಲೆಯ ಕೆಲಸ ಬಿಟ್ಟು ಬಂದು ನೆಲದ ಮೇಲೆ ಕೂತಳು. ಅವಳು ಮದುವೆಗೆ ಮುಂಚೆ ಹೊಲಿಗೆ ಕಲಿತವಳು. ನುಣ್ಣನೆಯ ಕಲ್ಲೊಂದನ್ನು ಗುಮಾಸ್ತರ ಕಪ್ಪು ಪ್ಯಾಂಟಿನ ಮೇಲೆ ಎಳೆದು ಬಿಳಿ ಗೆರೆ ಹಾಕಿ, "ದರ್ಜಿಗಳು ಗುರುತು ಹಾಕೋ ಬಳಪ," ಎಂದಳು. ಉಗುರಿನಿಂದ ಪದರ ಪದರವಾಗಿ ಸುಲಿದು ಬಂದದ್ದು ಅಭ್ರಕ. ಕೈಗೆ ಮಸಿ ಹತ್ತಿದ್ದು ಕಲ್ಲಿದ್ದಲು. ಅಡುಗೆ ಕಟ್ಟೆಯ ಪಕ್ಕ ಹಿಡಿದಾಗ ಅಣ್ಣತಮ್ಮಂದಿರಂತೆ ಕಂಡದ್ದು ಗ್ರಾನೈಟ್. ರಸ್ತೆಯ ಜಲ್ಲಿಯ ಬಣ್ಣದ, ಕರ್ರಗೆ ಭಾರವಾಗಿದ್ದದ್ದು ಬಸಾಲ್ಟ್. ಗಾಜಿನ ಮೇಲೆ ಗೆರೆ ಬೀಳಿಸುವುದು ಬೆಣಚುಕಲ್ಲು ಎಂದು ಪುಸ್ತಕ ಹೇಳಿತ್ತು. ಗುಮಾಸ್ತರು ಆವೇಶದಲ್ಲಿ ಬೀರುವಿನ ಕನ್ನಡಿಯ ಮೇಲೆ ಎಳೆದೇ ಬಿಟ್ಟರು. ಗೆರೆ ಈ ತುದಿಯಿಂದ ಆ ತುದಿಗೆ ಬಿತ್ತು.

ಹೆಂಡತಿ ಗೆರೆಯನ್ನು ನೋಡಿದಳು, ಗಂಡನನ್ನು ನೋಡಿದಳು. "ಹುದ್ದೆ ಬರಲಿ, ಮಾತಾಡ್ತೀನಿ," ಎಂದಳು.

ಈ ಗದ್ದಲಕ್ಕೆ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರು ಬಂದೇ ಬಂದರು. ಅವರು ಎಲ್ಲಿ ನಾಲ್ಕು ಜನರ ದನಿ ಕೇಳಿದರೂ ಐದನೆಯವರಾಗಿ ಸೇರುವವರು. ಕರಿಯ ಚಪ್ಪಟೆ ಕಲ್ಲೊಂದನ್ನು ಬೆರಳಿನಿಂದ ಟಣ್ ಎನ್ನಿಸಿ, "ಸ್ಲೇಟು! ಮೂವತ್ತು ವರ್ಷ ಇದರ ಸದ್ದು ಕೇಳಿದೀನಪ್ಪ, ನನಗೆ ಗೊತ್ತಾಗಲ್ವಾ?" ಎಂದರು. ಆರು.

ಉಳಿದದ್ದು ಎರಡು. ಎರಡೂ ಬೆಳ್ಳಗೆ ಬೂದಿ ಬಣ್ಣ. ಒಂದು ಸುಣ್ಣಕಲ್ಲು, ಇನ್ನೊಂದು ಅಮೃತಶಿಲೆ. ಬೆಳಗ್ಗೆ ಚಹಾ ಕುಡಿದುಬಿಟ್ಟಿದ್ದ ಏಳನೇ ಹೆಸರು ಗುಮಾಸ್ತರಿಗೆ ಪುಸ್ತಕದಲ್ಲಿ ಸಿಕ್ಕಿತು. ಅವರಿಗೆ ಕಣ್ಣಲ್ಲಿ ನೀರೇ ಬಂತು. ನಿಂಬೆರಸ ಹಾಕಿದರೆ ಎರಡೂ ನೊರೆ ಬಿಡುತ್ತವೆ, ಸಕ್ಕರೆಯಂತೆ ಮಿನುಗುವುದು ಮಾತ್ರ ಅಮೃತಶಿಲೆ ಎಂದಿತ್ತು. ಹೆಂಡತಿ ನಿಂಬೆಹಣ್ಣು ಹಿಂಡಿದಳು. ಎರಡರ ಮೇಲೂ ಸಣ್ಣಗೆ ನೊರೆ ಎದ್ದಿತು. ಮಿನುಗುವುದು ಎಂಟಕ್ಕೆ, ಮಿನುಗದ್ದು ಏಳಕ್ಕೆ. ಹನ್ನೆರಡೂ ಮುಗಿಯಿತು. ಗಂಟೆ ಹನ್ನೆರಡೂಕಾಲು.

ಗುಮಾಸ್ತರು ಹನ್ನೆರಡು ಕಲ್ಲುಗಳನ್ನೂ ಒಂದೊಂದಾಗಿ ಕೈಗೆತ್ತಿಕೊಂಡು ಹೆಸರು ಹೇಳಿದರು. ಕಣ್ಣು ಮುಚ್ಚಿಕೊಂಡು ಮುಟ್ಟಿ ಹೇಳಿದರು. ಒಂದೂ ತಪ್ಪಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಅವರಿಗೆ ಒಂದು ವಿಷಯ ನಿಜವಾಗಿ ಗೊತ್ತಾಗಿತ್ತು. ಅದರ ಸಂತೋಷಕ್ಕೆ ಐದು ನಿಮಿಷ ಕಾಲು ಕೂಡ ಕುಣಿಯಲಿಲ್ಲ.

ಕಲ್ಲುಗಳನ್ನು ಚೀಲಕ್ಕೆ ತುಂಬಿಕೊಂಡು ಆಗಲೇ ಹೊರಟಿದ್ದರೆ ಕತೆ ಬೇರೆಯಾಗುತ್ತಿತ್ತು. ಆದರೆ ಹೆಡ್‌ಮಾಸ್ಟರು ಅಡ್ಡ ನಿಂತರು.

"ನಮ್ಮ ಮನೆ ಮುಂದೆ ಮೊನ್ನೆ ಅಮೃತಶಿಲೆ ಹಾಕಿಸಿದೀನಲ್ಲ, ಅದರ ಮೇಲೂ ಎರಡು ಹನಿ ಹಾಕಿ ತೋರಿಸಮ್ಮ. ಬೀದಿಯವರು ನೋಡ್ಲಿ."

ಹೆಂಡತಿ ಹಾಕಿದಳು. ಏನೂ ಆಗಲಿಲ್ಲ. ಇನ್ನೊಂದು ನಿಂಬೆಹಣ್ಣು ಪೂರ್ತಿ ಹಿಂಡಿದಳು. ನಿಂಬೆರಸ ಮೆಟ್ಟಿಲಿಳಿದು ಚರಂಡಿಗೆ ಹೋಯಿತು.

"ಇದು ಅಮೃತಶಿಲೆ ಅಲ್ಲ ಸಾರ್. ಬರೀ ಟೈಲ್ಸು," ಎಂದರು ಗುಮಾಸ್ತರು. ಹೊಸ ವಿದ್ಯೆಯ ಸೊಕ್ಕು ಅವರ ಬಾಯಲ್ಲಿ ಹಾಗೆ ಹೇಳಿಸಿತು.

ಹೆಡ್‌ಮಾಸ್ಟರು ಕೆಂಪಾದರು. ಗುಮಾಸ್ತರ ಚೀಲವೊಂದನ್ನು ಬಿಗಿಯಾಗಿ ಹಿಡಿದರು. "ಈಗಲೇ ಅಂಗಡಿಗೆ ನಡಿ! ಅವನ ಮುಂದೆ ನೀನೇ ಹೇಳಬೇಕು. ಸಾಕ್ಷಿ ಬೇಕು ನನಗೆ!"

"ಸಾರ್, ನನಗೆ ಪರೀಕ್ಷೆ!"

"ನನ್ನ ಮರ್ಯಾದೆ ಪರೀಕ್ಷೆ ಅಲ್ವೇನಯ್ಯಾ?"

ಅಂಗಡಿಗೆ ಹೋದದ್ದಾಯಿತು. ಅಂಗಡಿಯವನು ಊಟಕ್ಕೆ ಹೋಗಿದ್ದ. ಹೆಡ್‌ಮಾಸ್ಟರು ಚೀಲ ಬಿಡಲಿಲ್ಲ, ಕುರ್ಚಿ ಎಳೆದುಕೊಂಡು ಕಾಯುತ್ತೇನೆಂದು ಕೂತರು. ಗುಮಾಸ್ತರು ಕೂತರು, ಎದ್ದರು, ಬಾಗಿಲಿಗೆ ಹೋದರು, ಬಂದರು. ಒಂದು ಗಂಟೆಗೆ ಅಂಗಡಿಯವನು ಬಂದ. ಅವನೂ ಹೆಡ್‌ಮಾಸ್ಟರೂ ಬಿಲ್ಲಿನ ಎರಡು ತುದಿ ಹಿಡಿದು ಜಗ್ಗಾಡುವಾಗ ಚೀಲ ಸಡಿಲವಾಯಿತು. ಗುಮಾಸ್ತರು ಅದನ್ನು ಕಸಿದುಕೊಂಡು, ಚಪ್ಪಲಿ ಅಲ್ಲೇ ಬಿಟ್ಟು ಓಡಿದರು.

ಕಾಲೇಜು ಮುಟ್ಟಿದಾಗ ಎರಡಕ್ಕೆ ಐದೇ ನಿಮಿಷ. ಪ್ರಯೋಗಾಲಯದ ಹೊರಗೆ ಮೂವತ್ತನಾಲ್ಕು ಜನ ಸಾಲಾಗಿ ನಿಂತು ತುಟಿ ಅಲ್ಲಾಡಿಸುತ್ತ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದರು. ಅಜ್ಜ ಹಿಂದಿನ ಬಾಗಿಲಲ್ಲಿ ನಿಂತಿದ್ದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಎಲ್ಲಿ ಹಾಳಾಗಿ ಹೋಗಿದ್ರಿ? ಮೇಷ್ಟ್ರು ಕಾರಿಡಾರಲ್ಲಿ ಬರ್ತಿದಾರೆ!"

"ಇರಿ ಅಜ್ಜಾ, ನಾನೇ ಜೋಡಿಸ್ತೀನಿ. ಎಲ್ಲಾ ಗೊತ್ತಾಗಿದೆ ನಂಗೆ, ಎರಡೇ ನಿಮಿಷ."

"ನಿಮ್ಮನ್ನ ಒಳಗೆ ನೋಡಿದ್ರೆ ಇಬ್ರಿಗೂ ಉಳಿಗಾಲ ಇಲ್ಲ. ಹೋಗಿ ಸಾಲಲ್ಲಿ ನಿಂತ್ಕೊಳ್ಳಿ!" ಎಂದು ಅಜ್ಜ ಎರಡೂ ಚೀಲ ಕಿತ್ತುಕೊಂಡು ಬಾಗಿಲು ಹಾಕಿಕೊಂಡ. ಒಳಗಿನಿಂದ ಟಪಟಪ ಹನ್ನೆರಡು ಸದ್ದು ಕೇಳಿಸಿತು.

ಗಂಟೆ ಹೊಡೆಯಿತು. ಗುಮಾಸ್ತರ ಸರದಿ ಒಂದನೇ ತಟ್ಟೆಯಿಂದಲೇ ಶುರುವಾಯಿತು. ತಟ್ಟೆಯಲ್ಲಿ ಗ್ರಾನೈಟ್ ಇರಬೇಕಿತ್ತು. ಅತ್ತೆ ಹಿಮ್ಮಡಿ ಉಜ್ಜಿದ ಕಲ್ಲು ಕೂತಿತ್ತು.

ಎರಡನೆಯದರಲ್ಲಿ ಬಸಾಲ್ಟ್ ಹೇಗೋ ತನ್ನ ಮನೆಯಲ್ಲೇ ಇತ್ತು. ಮೂರನೆಯದರಲ್ಲಿ ಕಲ್ಲುಪ್ಪು. ಎಂಟನೆಯದರಲ್ಲಿ, ಅಮೃತಶಿಲೆ ಇರಬೇಕಾದ ಕಡೆ, ಕಲ್ಲಿದ್ದಲು ಮಿರಿಮಿರಿ ಮಿಂಚುತ್ತಿತ್ತು. ಅದರ ಮುಂದೆ ಟೈಪಿಸ್ಟ್ ಹುಡುಗಿ ನಿಂತು ದುಂಡಗಿನ ಅಕ್ಷರದಲ್ಲಿ 'ಅಮೃತಶಿಲೆ' ಎಂದು ಬರೆಯುತ್ತಿದ್ದಳು. ಉಳಿದ ಮೂವತ್ತನಾಲ್ಕು ಜನರಲ್ಲಿ ಒಬ್ಬರೂ ತಟ್ಟೆಯೊಳಗೆ ನೋಡಿರಲಿಲ್ಲ. ಎಲ್ಲರ ಕಣ್ಣೂ ನಂಬರಿನ ಮೇಲೆ.

"ಸಾರ್," ಎಂದು ಅವಳು ಪಿಸುಗುಟ್ಟಿದಳು, "ಯಾಕೆ ಕಲ್ಲನ್ನ ನೋಡ್ತಾ ನಿಂತಿದೀರಾ? ಟೈಮ್ ಹೋಗುತ್ತೆ, ಬರೀರಿ!"

ಗುಮಾಸ್ತರು ಪೆನ್ನು ಹಿಡಿದು ಒದ್ದಾಡಿದರು. ಪಟ್ಟಿ ಬರೆಯುವುದೋ, ಕಲ್ಲು ಬರೆಯುವುದೋ? ಪಟ್ಟಿ ಬರೆದು, ಮೇಷ್ಟ್ರು ಕಲ್ಲು ನೋಡಿದರೆ ಕೆಟ್ಟೆ. ಕಲ್ಲು ಬರೆದು, ಮೇಷ್ಟ್ರು ಪಟ್ಟಿ ನೋಡಿದರೆ ಕೆಟ್ಟೆ. ಒಂದನೇ ಉತ್ತರ 'ಗ್ರಾನೈಟ್' ಎಂದು ಬರೆದರು, ಹೊಡೆದು ಹಾಕಿದರು. ಕೈ ಬರಲಿಲ್ಲ. ಅತ್ತೆ ನೆಕ್ಕಿ ತೋರಿಸಿದ ಉಪ್ಪನ್ನು, ಹೆಂಡತಿ ಪ್ಯಾಂಟಿನ ಮೇಲೆ ಗೆರೆ ಎಳೆದ ಬಳಪವನ್ನು ಇನ್ನೇನೋ ಎಂದು ಕರೆಯುವುದು ಹೇಗೆ? ಇಷ್ಟಕ್ಕೂ ಇದು ಭೂವಿಜ್ಞಾನದ ಪರೀಕ್ಷೆ, ಮೇಷ್ಟ್ರು ಭೂವಿಜ್ಞಾನದ ಮೇಷ್ಟ್ರು, ಎದುರಿಗಿರುವುದು ಕಲ್ಲು. ಕಲ್ಲು ಸುಳ್ಳು ಹೇಳುವುದಿಲ್ಲ. ಗುಮಾಸ್ತರು ಹನ್ನೆರಡೂ ಕಂಡಂತೆಯೇ ಬರೆದರು.

ಫಲಿತಾಂಶ ಅರ್ಧ ಗಂಟೆಯಲ್ಲೇ ಬಾಗಿಲಿಗೆ ಅಂಟಿತು. ಮೂವತ್ತನಾಲ್ಕು ಜನಕ್ಕೆ ಹನ್ನೆರಡಕ್ಕೆ ಹನ್ನೆರಡು. ಹೊಲಿಗೆ ಮಿಷನ್‌ಗೆ ಹನ್ನೆರಡಕ್ಕೆ ಒಂದು.

ಟೈಪಿಸ್ಟ್ ಹುಡುಗಿ ಓದಿ, ಮಸಿ ಹತ್ತಿದ ಬೆರಳನ್ನು ಬಾಯಿಯ ಮೇಲಿಟ್ಟುಕೊಂಡಳು. "ಏನಾಯ್ತು ಸಾರ್? ನಿದ್ದೇಲೂ ಒಪ್ಪಿಸ್ತೀನಿ ಅಂದಿದ್ರಿ!" ಅವಳ ಮರುಕ ನಿಜವಾದದ್ದೇ. ಅದೇ ಗುಮಾಸ್ತರಿಗೆ ಹೆಚ್ಚು ಉರಿಯಿತು.

ಎಲ್ಲರೂ ಹೋದ ಮೇಲೆ ಅವರು ಬರಿಗಾಲಲ್ಲೇ ಒಳಗೆ ನುಗ್ಗಿದರು. ಮೇಷ್ಟ್ರು ಕನ್ನಡಕ ಹಣೆಗೇರಿಸಿಕೊಂಡು ಉತ್ತರ ಪತ್ರಿಕೆ ಕಟ್ಟುತ್ತಿದ್ದರು. ಅಜ್ಜ ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದ.

"ಸಾರ್, ನನ್ನ ಉತ್ತರ ಅಷ್ಟೂ ಸರಿ! ತಟ್ಟೆ ನೋಡಿ ಸಾರ್. ಎಂಟರಲ್ಲಿರೋದು ಕಲ್ಲಿದ್ದಲು. ಮೂರರಲ್ಲಿರೋದು ಉಪ್ಪು, ಬೇಕಾದ್ರೆ ನೆಕ್ಕಿ!"

"ಯಾಕ್ರೀ ಅದಲು ಬದಲಾಗುತ್ತೆ?"

"ಬೆಳಗ್ಗೆ ನನ್ನ ಕಾಲು ತಾಗಿ..."

ಮೇಷ್ಟ್ರು ಥಟ್ಟನೆ ಕೈ ಎತ್ತಿದರು. "ಅದನ್ನ ನಾನು ಕೇಳಿಸ್ಕೊಂಡಿಲ್ಲ. ಕೇಳಿಸ್ಕೊಂಡ್ರೆ ನಿಮ್ಮನ್ನ ಎರಡು ವರ್ಷ ಹೊರಗೆ ಹಾಕಬೇಕಾಗುತ್ತೆ. ಮುಂದೆ ಹೇಳಿ."

ಗುಮಾಸ್ತರು ಒಂದೊಂದೇ ಕಲ್ಲು ಎತ್ತಿ ತಂದು ಮೇಷ್ಟ್ರ ಮುಂದಿಟ್ಟರು. ತೇಲಿಸಿ ತೋರಿಸಿದರು, ಗೀಚಿ ತೋರಿಸಿದರು, ಪದರ ಸುಲಿದು ತೋರಿಸಿದರು. ಮೇಷ್ಟ್ರು ಪ್ರತಿಯೊಂದನ್ನೂ ಕೈಗೆ ತೆಗೆದುಕೊಂಡು ಗಂಭೀರವಾಗಿ ತಿರುಗಿಸಿ, ತಳ ನೋಡಿ, ಅಲ್ಲಿ ನಂಬರು ಕಾಣದೆ ಕೆಳಗಿಟ್ಟರು. ಹನ್ನೆರಡೂ ಮುಗಿದ ಮೇಲೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

"ನಿಮ್ಮ ಹತ್ರ ಮುಚ್ಚುಮರೆ ಯಾಕೆ? ನಾನು ಹವಾಮಾನ ಓದಿದೋನು ರೀ. ಆಕಾಶದಲ್ಲಿ ಯಾವ ಮೋಡ ತೋರಿಸ್ತೀರೋ ತೋರಿಸಿ, ಹೆಸರು ಹೇಳ್ತೀನಿ. ಭೂವಿಜ್ಞಾನ ಅಂದ್ರೆ ಅದೂ ಬರುತ್ತೆ ಅಂತ ಇಲ್ಲಿಗೆ ಹಾಕಿದ್ರು. ಬಂದ ದಿನ ಹಿಂದಿನ ಮೇಷ್ಟ್ರು ಒಂದು ಪಟ್ಟಿ ಕೊಟ್ಟು ಹೋದ್ರು. ಇಪ್ಪತ್ತೆರಡು ವರ್ಷದಿಂದ ಅದೇ ನಡೀತಿದೆ. ನಿಮ್ಮ ಉತ್ತರ ಸರಿ ಅಂತ ಹೇಳೋಕೆ ಕಲ್ಲು ಗೊತ್ತಿರೋರೊಬ್ಬರು ಬೇಕಲ್ಲ? ಈ ಕಾಲೇಜಲ್ಲಿ ಯಾರಿದಾರೆ?"

"ಇವರೊಬ್ರೇ ಸಾರ್," ಎಂದ ಅಜ್ಜ, ಮೂಲೆಯಿಂದ.

"ತಮ್ಮ ಉತ್ತರ ತಾವೇ ತಿದ್ದೋ ಹಾಗಿಲ್ವಲ್ಲಪ್ಪ. ಅದೂ ಅಲ್ದೆ ಇವರು ಸರಿ ಅಂದ್ರೆ ಮೂವತ್ತನಾಲ್ಕು ಜನ ಫೇಲು. ಅಷ್ಟು ಜನಕ್ಕೆ ಪಾಠ ಮಾಡಿದೋರು ಯಾರು ಅಂತ ಪ್ರಿನ್ಸಿಪಾಲ್ರು ಕೇಳ್ತಾರೆ."

ಗುಮಾಸ್ತರು ಸ್ಟೂಲಿನ ಮೇಲೆ ಕುಸಿದರು. ಹದಿಮೂರು ವರ್ಷ ಕಣ್ಣ ಮುಂದೆ ಬಂದು ಹೋಯಿತು. ಗೆರೆ ಬಿದ್ದ ಕನ್ನಡಿಯೂ ಬಂದು ಹೋಯಿತು. ಅವರ ಮುಖ ನೋಡಿ ಮೇಷ್ಟ್ರ ಮನಸ್ಸು ಕರಗಿತು.

"ಅಳಬೇಡಿ ರೀ. ಹದಿನೈದು ದಿನಕ್ಕೆ ಮರುಪರೀಕ್ಷೆ ಇದೆ. ತಿಂಗಳು ಮುಗಿಯೋದ್ರೊಳಗೆ ಫಲಿತಾಂಶ ಕೊಡ್ತೀನಿ. ಪಾಸಾದೋರಲ್ಲಿ ನೀವೇ ಹಳಬರು, ಹುದ್ದೆ ನಿಮ್ಮದೇ. ಆದ್ರೆ ಕಲ್ಲು ಹೀಗೇ ಕಲಸುಮೇಲೋಗರ ಆಗಿದ್ರೆ ಮತ್ತೆ ಇದೇ ರಾಮಾಯಣ. ಒಂದು ಉಪಕಾರ ಮಾಡಿ. ಯಾವ ಕಲ್ಲು ಯಾವ ತಟ್ಟೆಯದೋ ನೀವೇ ಸರಿಯಾಗಿ ಇಟ್ಟುಬಿಡಿ. ನಮ್ಮಿಬ್ಬರಿಗಂತೂ ಆಗೋದಲ್ಲ."

ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು. ಎರಡೇ ನಿಮಿಷದಲ್ಲಿ ಹನ್ನೆರಡು ಕಲ್ಲುಗಳನ್ನೂ ಅವುಗಳ ತಟ್ಟೆಗೆ ಸೇರಿಸಿದರು. ಏಳನೆಯದರ ಮುಂದೆ ಒಂದು ಕ್ಷಣ ನಿಂತು, ಸುಣ್ಣಕಲ್ಲನ್ನು ಪ್ರೀತಿಯಿಂದ ತಟ್ಟಿದರು. ಇನ್ನು ಪಟ್ಟಿ ಬರೆದರೂ ಸರಿ, ಕಲ್ಲು ಬರೆದರೂ ಸರಿ. ಯಾವ ದೇವರು ಬಂದರೂ ತಮ್ಮನ್ನು ಫೇಲು ಮಾಡುವಂತಿಲ್ಲ.

ಮೇಷ್ಟ್ರು ದಪ್ಪನೆಯ ರಿಜಿಸ್ಟರ್ ತೆಗೆದರು. "ಮರುಪರೀಕ್ಷೆಗೆ ಕಲ್ಲು ಜೋಡಿಸಿದವರು ಅಂತ ಇಲ್ಲೊಂದು ರುಜು ಮಾಡಿ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಂಗೆ ಆಧಾರ ಬೇಕು."

ಗುಮಾಸ್ತರು ರುಜು ಮಾಡಿದರು. ಅಂಥ ಹೆಮ್ಮೆಯ ರುಜು ಅವರು ಮದುವೆಯ ನೋಂದಣಿಯಲ್ಲೂ ಮಾಡಿರಲಿಲ್ಲ. ಆಮೇಲೆ ಮರುಪರೀಕ್ಷೆಯ ಅರ್ಜಿ ಕೇಳಿ ಪಡೆದು, ಅಲ್ಲೇ ನಿಂತು ತುಂಬಿ, ಕೊಟ್ಟರು. ಮೇಷ್ಟ್ರು ಕನ್ನಡಕ ಇಳಿಸಿ ಓದಿದರು. ಹಿಂಬದಿಯ ಸಣ್ಣ ಅಕ್ಷರಗಳನ್ನೂ ಓದಿದರು. ಓದುತ್ತ ಓದುತ್ತ ಅವರ ತುಟಿ ನಿಂತಿತು.

"ಛೇ ಛೇ ಛೇ," ಎಂದರು.

"ಏನ್ ಸಾರ್?"

"ಪರೀಕ್ಷೆಗೆ ಕಲ್ಲು ಜೋಡಿಸಿದೋರು ಆ ಪರೀಕ್ಷೆಗೆ ಕೂರೋ ಹಾಗಿಲ್ವಂತೆ ಕಣ್ರೀ." ಮೇಷ್ಟ್ರು ರಿಜಿಸ್ಟರಿನ ರುಜುವನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿ ನೋಡಿದರು. ಶಾಯಿ ಆಗಲೇ ಒಣಗಿತ್ತು.